ಹುಳುಮನೆಯ ಹೊಸ್ತಿಲು

ಬೋರಲಿಂಗಯ್ಯನ ಕೈಯಲ್ಲಿದ್ದದ್ದು ಎತ್ತು ಹೊಡೆಯುವ ಬಾರುಗೋಲು. ಮೊದಲ ಏಟು ಕಾವೇರಮ್ಮನ ಭುಜಕ್ಕೆ ಬಿತ್ತು, ಎರಡನೆಯದು ಬೆನ್ನಿಗೆ. ಇನ್ನೊಂದು ಬೀಳುವಷ್ಟರಲ್ಲಿ ಅವಳು ಅಂಗಳ ದಾಟಿ, ಕಾಲಿಗೆ ನೀರೂ ಹುಯ್ದುಕೊಳ್ಳದೆ, ಹುಳುಮನೆಯೊಳಕ್ಕೆ ನುಗ್ಗಿಬಿಟ್ಟಳು.

ಬೋರಲಿಂಗಯ್ಯ ಹೊಸ್ತಿಲ ಹತ್ತಿರ ಬಂದು ಗಕ್ಕನೆ ನಿಂತ.

"ಬಾರೇ ಆಚೆಗೆ," ಅಂದ. ಹಲ್ಲು ಕಡಿಯುತ್ತಿದ್ದರೂ ದನಿ ಮಾತ್ರ ಕೆಳಗಿತ್ತು, ಮಗು ಮಲಗಿದ ಮನೆಯಲ್ಲಿ ಬೈದ ಹಾಗೆ.

ಜಗಲಿಯ ಮೇಲೆ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಿದ್ದ ಅವನ ತಾಯಿ ಶಿವಲಿಂಗಮ್ಮ ಮಚ್ಚು ಕೆಳಗಿಡದೆ ನೋಡಿದಳು.

"ಅವ್ವ, ಅವಳನ್ನ ಆಚೆಗೆ ಕಳಿಸು."

"ನೀನೇ ಓಗಿ ಕರಕೊ. ಬಾಯಿ ಮುಕ್ಕಳಿಸು, ಕಾಲು ತೊಳಕೊ, ಕುಡಿದಿದ್ದು ಇಳಿಯೋಗಂಟ ಕುಂತ್ಕೊ. ಆಮೇಲೆ ಒಳೀಕೆ ಓಗು. ನಾನೇನು ಬ್ಯಾಡ ಅಂದ್ನಾ?"

ಬೋರಲಿಂಗಯ್ಯ ಬಾರುಗೋಲನ್ನು ಕಣಜದ ಕಡೆಗೆ ಎಸೆದು ಹೊರಟುಹೋದ. ಎಂಥ ಅಮಲಿನಲ್ಲೂ ಅವನು ಆ ಹೊಸ್ತಿಲು ದಾಟುತ್ತಿರಲಿಲ್ಲ. ಅವರ ಊರು ಅಕ್ಕೂರಿನ ಕಡೆ ರೇಷ್ಮೆ ಹುಳ ಮನೆಯಲ್ಲಿದ್ದರೆ ಬಾಣಂತಿ ಇದ್ದ ಹಾಗೆ. ಕುಡಿದವನು, ಬೀಡಿ ಸೇದಿದವನು, ಚಪ್ಪಲಿ ಮೆಟ್ಟಿದವನು ಒಳಗೆ ಹೋಗುವ ಹಾಗಿಲ್ಲ. ಕೂಗಾಡುವ ಹಾಗಿಲ್ಲ, ಹೊಡೆದಾಡುವ ಮಾತಂತೂ ಇಲ್ಲವೇ ಇಲ್ಲ. ಅಂಬೆಗಾಲಿಡುವಾಗಲೇ ಶಿವಲಿಂಗಮ್ಮ ಮಗನ ತಲೆಗೆ ಅದನ್ನು ತುಂಬಿದ್ದಳು. ಹೆಂಡತಿಯ ಮೇಲೆ ಕೈ ಮಾಡಬಾರದು ಅನ್ನುವುದನ್ನೂ ಹಾಗೆಯೇ ತುಂಬಿದ್ದರೆ ಎಂದು ಅವಳಿಗೆ ಈಚೆಗೆ ಅನ್ನಿಸುತ್ತಿತ್ತು. ಆದರೆ ತುಂಬುವುದು ಹೇಗೆ? ಅವಳ ಗಂಡ ಬದುಕಿರುವಷ್ಟು ದಿನವೂ ಆ ಹುಡುಗನ ಕಣ್ಣೆದುರಿಗೇ ಅವಳಿಗೆ ಬಡಿದಿದ್ದ.

ಒಳಗೆ ಕಾವೇರಮ್ಮ ತಟ್ಟೆಗಳ ಸ್ಟ್ಯಾಂಡಿನ ಕೆಳಗೆ ಮುದುರಿ ಕೂತಿದ್ದಳು. ಶಿವಲಿಂಗಮ್ಮ ಅವಳ ರವಿಕೆ ಸರಿಸಿ, ಬೆನ್ನಿಗೆ ಹರಳೆಣ್ಣೆ ಸವರಿದಳು.

"ಇವತ್ತು ಯಾತಕ್ಕೆ?"

"ಪಾಠ ಅತ್ತೆ. ಒಂದು ಮಾತು ಅವ್ರ ಬಾಯಿಗೆ ಬರಲಿಲ್ಲ. ಇನ್ನೊಂದ್ಸಲ ಹೇಳಿ ಅಂದೆ."

ಕಾವೇರಮ್ಮ ಹುಟ್ಟಿನಿಂದ ಫ್ರಾನ್ಸಿನ ಪ್ರಜೆ. ಸೊಪ್ಪಿನ ಹೊರೆ ಹೊತ್ತು ಬರುವವಳನ್ನು ನೋಡಿದ ಯಾರೂ ಅದನ್ನು ನಂಬುತ್ತಿರಲಿಲ್ಲ. ಅವಳ ತಂದೆ ಪಾಂಡಿಚೇರಿಯವನು, ಫ್ರೆಂಚರ ಪಟಾಲಮ್ಮಿನಲ್ಲಿ ಸಿಪಾಯಿಯಾಗಿದ್ದವನು. ಫ್ರೆಂಚರು ಊರು ಬಿಟ್ಟುಕೊಟ್ಟು ಹೋದಾಗ ಅವರ ಪ್ರಜೆಯಾಗಿಯೇ ಉಳಿಯುತ್ತೇನೆ ಎಂದು ಬರೆದುಕೊಟ್ಟವರಲ್ಲಿ ಅವನೊಬ್ಬ. ಅವನನ್ನು ಒಲಿದು ಕಟ್ಟಿಕೊಂಡವಳು ಚನ್ನಪಟ್ಟಣದ ಹೆಣ್ಣು. ಸಿಪಾಯಿ ಸತ್ತ ಮೇಲೆ ಅವಳು ಮಗಳನ್ನು ಕಟ್ಟಿಕೊಂಡು ತವರಿಗೆ ಬಂದು, ಮರದ ಬೊಂಬೆಗೆ ಅರಗಿನ ಬಣ್ಣ ಹಚ್ಚಿ ಹೊಟ್ಟೆ ಹೊರೆದಳು. ಮಗಳಿಗೆ ಅಪ್ಪನಿಂದ ಬಂದದ್ದು ಆ ದೇಶದ ಪಾಸ್‌ಪೋರ್ಟು ಮತ್ತು ಪಾಂಡಿಚೇರಿಯ ಕನ್ಯಾಸ್ತ್ರೀಯರು ಕಲಿಸಿದ ಭಾಷೆ, ಎರಡೇ. ತಾಯಿಯೂ ತೀರಿಕೊಂಡ ಮೇಲೆ ಸೋದರಮಾವನಿಗೆ ಅವಳನ್ನು ದಾಟಿಸಿದರೆ ಸಾಕಾಗಿತ್ತು.

ಹೆಣ್ಣು ಕೇಳಲು ಹೋದವಳು ಶಿವಲಿಂಗಮ್ಮನೇ. ಆಸೆಯಿಂದಲೇ ಹೋಗಿದ್ದಳು. ರಾಮನಗರ ಇನ್ನೂ ಬೆಂಗಳೂರು ಗ್ರಾಮಾಂತರದ ಒಂದು ತಾಲ್ಲೂಕಾಗಿದ್ದ ಕಾಲ ಅದು. ಫ್ರಾನ್ಸಿನ ಹೆಣ್ಣನ್ನು ಮದುವೆಯಾದವನು ಅವಳ ಜೊತೆ ಎರಡು ವರ್ಷ ಸಂಸಾರ ಮಾಡಿದರೆ ತಾನೂ ಆ ದೇಶದವನಾಗಬಹುದು ಎಂದು ಪಾಂಡಿಚೇರಿಯ ದಲ್ಲಾಳಿ ಬಿಡಿಸಿ ಹೇಳಿದ್ದ. ಗಂಡ ಹೆಂಡತಿ ಇಬ್ಬರೂ ಅಲ್ಲಿಯ ಫ್ರೆಂಚ್ ಕಚೇರಿಗೆ ಹೋಗಬೇಕು. ಅಧಿಕಾರಿಯ ಮುಂದೆ ನಿಂತು, ಒಟ್ಟಿಗೆ ಬಾಳುತ್ತಿದ್ದೇವೆ ಎಂದು ಹೇಳಿ ಇಬ್ಬರೂ ರುಜು ಮಾಡಬೇಕು. ಗಂಡನಿಗೆ ಅವರ ಭಾಷೆ ತಕ್ಕಮಟ್ಟಿಗೆ ಬರಬೇಕು. "ಮುಖ್ಯವಾಗಿ ಹೆಸರಿನ ಮೇಲೆ ಪೊಲೀಸ್ ಕೇಸು ಇರಕೂಡದು. ಅದರಲ್ಲೂ ಹೆಂಡತಿಗೆ ಹೊಡೆದ ಕೇಸು ಇದ್ದರೆ ಮುಗಿಯಿತು, ಆ ಬಾಗಿಲ ಕಡೆ ತಲೆ ಹಾಕಬೇಡಿ," ಎಂದೂ ಅವನು ಹೇಳಿದ್ದ.

ಶಿವಲಿಂಗಮ್ಮನ ಬಾವ ರಾಮಲಿಂಗಯ್ಯ ಅಂದಿನಿಂದ ಮೀಸೆ ಇಳಿಸಿರಲಿಲ್ಲ. "ನಮ್ಮ ವಂಶದಲ್ಲಿ ಕನಕಪುರ ದಾಟಿದೋನಿಲ್ಲ. ಇವನು ಸಮುದ್ರ ದಾಟ್ತಾನೆ ಕಣ್ರಲಾ," ಎಂದು ಟೀ ಅಂಗಡಿಯಲ್ಲಿ ಕೂತವರಿಗೆಲ್ಲ ಹೇಳುತ್ತಿದ್ದ. ಬೋರಲಿಂಗಯ್ಯ ಅಂಗಡಿಗೆ ಬಂದರೆ ಜನ "ಬಾರಪ್ಪ ದೊರೆ" ಅನ್ನುತ್ತಿದ್ದರು. ಹೊರಗೆ ದೊರೆಯಾದವನಿಗೆ ಮನೆಯಲ್ಲಿ ಹೆಂಡತಿಯ ಮುಂದೆ ಒಂದನೇ ಕ್ಲಾಸಿನ ಹುಡುಗನ ಹಾಗೆ ಕೂತು ಅಕ್ಷರ ಒಪ್ಪಿಸುವುದು ಸಹಿಸಲಾಗಲಿಲ್ಲ. ನಾಲಿಗೆ ತಿರುಗದಿದ್ದರೆ ಏಟು ಹೇಳಿಕೊಡುವವಳಿಗೆ. ನಕ್ಕಳು ಎಂದು ಹೊಡೆದ. ನಗದೆ ಇದ್ದರೆ ಒಳಗೊಳಗೇ ನಗುತ್ತಿದ್ದಾಳೆ ಎಂದು ಹೊಡೆದ.

ಶಿವಲಿಂಗಮ್ಮ ಓದಿದವಳಲ್ಲ. ಮಗನಿಗೆ ಬುದ್ಧಿ ಹೇಳಿ ನೋಡಿದಳು, ಅತ್ತು ನೋಡಿದಳು, ಊಟ ಬಿಟ್ಟು ನೋಡಿದಳು. ಯಾವುದೂ ನಡೆಯಲಿಲ್ಲ. ಆಮೇಲೆ ನಡೆಯುವಂಥ ಒಂದು ಕೆಲಸ ಹುಡುಕಿದಳು. ಹುಳುಮನೆಯನ್ನು ಖಾಲಿ ಬಿಡುವುದನ್ನೇ ನಿಲ್ಲಿಸಿದಳು.

ಒಂದು ಬೆಳೆ ಮುಗಿದ ಮೇಲೆ ತಟ್ಟೆ ತೊಳೆದು, ಔಷಧಿ ಹೊಡೆದು, ಮನೆ ಒಣಗಲು ಬಿಟ್ಟು ಆಮೇಲೆ ಮುಂದಿನ ಮೊಟ್ಟೆ ತರುವುದು ರೂಢಿ. ಶಿವಲಿಂಗಮ್ಮ ಈ ಕಡೆ ಹುಳ ಗೂಡು ಕಟ್ಟುತ್ತಿರುವಾಗಲೇ ಆ ಕಡೆ ಹೊಸ ಮರಿಯನ್ನು ತಂದು ಹರವಿದಳು. ಹುಳ ಇರುವಷ್ಟು ದಿನವೂ ಕಾವೇರಮ್ಮನ ಚಾಪೆ ಹುಳುಮನೆಯಲ್ಲೇ. "ಇರುವೆ ಬತ್ತವೆ, ಹಲ್ಲಿ ಬತ್ತವೆ, ಒಬ್ರು ಕಾಯ್ಕೊಂಡು ಇರಬೇಕು" ಎಂಬ ನೆವ ಯಾವಾಗಲೂ ಸಿದ್ಧವಿತ್ತು.

"ಏನ್ ಶಿವಲಿಂಗವ್ವ, ದುಡ್ಡಿನ ಆಸೆ ಇಷ್ಟು ಒಳ್ಳೇದಲ್ಲ. ಹುಳಕ್ಕೂ ಒಸಿ ಉಸಿರು ಬುಡು," ಅಂದ ರಾಮಲಿಂಗಯ್ಯ.

"ಉಸಿರು ಬುಡಾಕೇ ಬಾವ ಇಷ್ಟೆಲ್ಲ ಮಾಡ್ತಿರಾದು," ಅಂದಳು ಶಿವಲಿಂಗಮ್ಮ. ಅವನಿಗೆ ಅರ್ಥವಾಗಲಿಲ್ಲ.

ಆದರೆ ಮನುಷ್ಯರಿಗೆ ಮಾಡಿದ ಉಪಾಯವನ್ನು ರೋಗ ಕೇಳುವುದಿಲ್ಲ. ಮಳೆಗಾಲ ಹಿಡಿಯುತ್ತಲೇ ಹಾಲುತೊಂಡೆ ಬಂತು. ಹುಳದ ಮೈ ಊದಿ, ಮುಟ್ಟಿದರೆ ಒಡೆದು ಹಾಲಿನಂಥ ರಸ ಸುರಿಯಿತು. ಒಂದು ತಟ್ಟೆಯಿಂದ ಇನ್ನೊಂದಕ್ಕೆ ಹಬ್ಬಿ, ಹುಳ ಹಣ್ಣಾಗಿ ಗೂಡು ಕಟ್ಟುವ ಮುಂಚೆಯೇ ಇಡೀ ಬೆಳೆ ಕೊಳೆಯಿತು. ಅತ್ತೆ ಸೊಸೆ ಮೂಗಿಗೆ ಸೆರಗು ಕಟ್ಟಿಕೊಂಡು, ಗುಂಡಿ ತೋಡಿ, ಸುಣ್ಣ ಹಾಕಿ ಹುಳವನ್ನೆಲ್ಲ ಮುಚ್ಚಿದರು. ಹುಳುಮನೆ ಬರಿದಾಯಿತು.

ಬರಿದಾದ ಮನೆಗೆ ಯಾವ ನೇಮವೂ ಇಲ್ಲ. ಮಾರನೆಯ ಸಾಯಂಕಾಲವೇ ಬೋರಲಿಂಗಯ್ಯ ಹೆಂಡತಿಯನ್ನು ಅದರೊಳಗೇ ಹಾಕಿಕೊಂಡು ಚಿಲಕ ಹಾಕಿದ. ಶಿವಲಿಂಗಮ್ಮ ಬಾಗಿಲು ಗುದ್ದಿದಳು, ಕಲ್ಲು ತಂದು ಬಡಿದಳು. ಒಳಗೆ ಬೋರಲಿಂಗಯ್ಯನ ಗಂಟಲು ಆ ಪರದೇಶದ ಮಾತನ್ನು ಗಟ್ಟಿಯಾಗಿ ಒಪ್ಪಿಸುತ್ತಿತ್ತು, "ನೂ ವಿವೊಂ ಆಂಸಾಂಬ್ಲ್!" ಅದರ ಹಿಂದೆಯೇ ಏಟಿನ ಸದ್ದು. ಮತ್ತೆ ಅದೇ ಮಾತು, ಮತ್ತೆ ಏಟು. ಬಾಗಿಲು ತೆಗೆದಾಗ ಕಾವೇರಮ್ಮನ ಒಂದು ಹಲ್ಲು ನೆಲದ ಮೇಲಿತ್ತು, ಎಡಗಡೆಯ ಪಕ್ಕೆಲುಬು ಮುಟ್ಟಲು ಅವಳು ಬಿಡುತ್ತಿರಲಿಲ್ಲ.

"ಅದೇನವ್ವ ಅವನು ಒದರ್ತಾ ಇದ್ದದ್ದು?" ಎಂದು ಶಿವಲಿಂಗಮ್ಮ ರಕ್ತ ಒರೆಸುತ್ತ ಕೇಳಿದಳು.

"ಕಚೇರೀಲಿ ಹೇಳೋ ಮಾತು ಅತ್ತೆ. ನಾವಿಬ್ರೂ ಒಟ್ಟಿಗೆ ಬಾಳ್ತಾ ಇದೀವಿ ಅಂತ."

ಆ ವಾರವೇ ಪಾಂಡಿಚೇರಿಯಿಂದ ದಲ್ಲಾಳಿಯ ಫೋನು ಬಂತು. ಕಚೇರಿಯವರು ದಿನ ಕೊಟ್ಟಿದ್ದರು. ಹಲ್ಲಿನ ಗಾಯ ಮಾಯಲು, ಮುಖದ ಬಾವು ಇಳಿಯಲು ಸಾಕಷ್ಟು ಸಮಯವಿತ್ತು.

ಅಂದಿನಿಂದ ಬೋರಲಿಂಗಯ್ಯ ಬೇರೆ ಮನುಷ್ಯನಾದ. ಕುಡಿತ ಬಿಟ್ಟ. ಚನ್ನಪಟ್ಟಣಕ್ಕೆ ಕರೆದುಕೊಂಡು ಹೋಗಿ ಹೆಂಡತಿಗೆ ಹಲ್ಲು ಕಟ್ಟಿಸಿದ, ಸೀರೆ ತಂದ, ಸಂಜೆ ಹೊತ್ತು ಮಲ್ಲಿಗೆ ಹೂ ತಂದ. ಪಾಠಕ್ಕೆ ಕೂತರೆ ತಪ್ಪಿದ ಮಾತಿಗೆ ತಾನೇ ನಕ್ಕ. "ನೋಡ್ದಾ? ಕಾಲ ಕೂಡಿ ಬಂದ್ರೆ ಗಂಡಸು ತಾನೇ ದಾರಿಗೆ ಬತ್ತಾನೆ," ಎಂದ ರಾಮಲಿಂಗಯ್ಯ. ಶಿವಲಿಂಗಮ್ಮನೂ ಮೊದಲು ಹಿಗ್ಗಿದಳು. ಮಾರಮ್ಮನಿಗೆ ಮಡಿಲು ತುಂಬಿ ಬಂದಳು. ಹುಳುಮನೆಯನ್ನು ಚೆನ್ನಾಗಿ ತೊಳೆದು, ಒಣಗಿಸಿ, ಈ ಸಲ ನಿಜವಾಗಿ ಬೆಳೆಗೆಂದೇ ಮೊಟ್ಟೆ ತಂದಳು.

ಒಂದು ಮಧ್ಯಾಹ್ನ ಮುದ್ದೆ ಇಕ್ಕುವಾಗ ಕಾವೇರಮ್ಮನ ಕೈ ತಪ್ಪಿ ಕುದಿಯುವ ಎಸರು ಬೋರಲಿಂಗಯ್ಯನ ತೊಡೆಗೆ ಚೆಲ್ಲಿತು. ಅವನು ಎಗರಿ ನಿಂತ. ಬಲಗೈ ಮೇಲಕ್ಕೆ ಹೋಯಿತು. ಕಾವೇರಮ್ಮ ಕಣ್ಣು ಮುಚ್ಚಿ ಮುಖ ಓರೆ ಮಾಡಿಕೊಂಡಳು.

ಏಟು ಬೀಳಲಿಲ್ಲ. ಬೋರಲಿಂಗಯ್ಯ ಅವಳ ಗದ್ದ ಹಿಡಿದು, ಕೆನ್ನೆಯನ್ನು ಈ ಕಡೆ ಆ ಕಡೆ ತಿರುಗಿಸಿ ನೋಡಿದ. ಸಂತೆಯಲ್ಲಿ ಎತ್ತಿನ ಮೈಮೇಲೆ ಗಾಯ ಇದೆಯೋ ಎಂದು ನೋಡುವ ಹಾಗಿತ್ತು ಅದು. ಆಮೇಲೆ ಕೈ ಇಳಿಸಿ, ತಣ್ಣಗೆ ಅಂದ, "ಇರ್ಲಿ. ಎಲ್ಲಾ ಗೆಪ್ತಿ ಮಡಗಿವ್ನಿ. ಅಲ್ಲೋದ್ಮೇಲೆ ಒಟ್ಟಿಗೇ ಕೊಡ್ತೀನಿ."

ಒಲೆಯ ಮುಂದೆ ಕೂತಿದ್ದ ಶಿವಲಿಂಗಮ್ಮ ಎಲ್ಲವನ್ನೂ ನೋಡಿದಳು. ಇಷ್ಟು ವರ್ಷ ಅವಳು ಕುಡಿತವನ್ನು ಬೈದಿದ್ದಳು, ಗ್ರಹಚಾರವನ್ನು ಬೈದಿದ್ದಳು, ಸತ್ತ ಗಂಡನ ರಕ್ತವನ್ನು ಬೈದಿದ್ದಳು. ಎತ್ತಿದ ಕೈಯನ್ನು ಇಳಿಸಲು ಬರುತ್ತದೆ ಎಂದ ಮೇಲೆ ಇದು ಅಮಲೂ ಅಲ್ಲ, ಕೋಪವೂ ಅಲ್ಲ. ಬೇಕೆಂದಾಗ ನಿಲ್ಲಿಸಬಲ್ಲವನು ಬೇಕೆಂದೇ ಹೊಡೆಯುತ್ತಿದ್ದ.

ಮಗ ಹೊರಗೆ ಹೋದ ಮೇಲೆ ಅವಳು ಸೊಸೆಯ ಪಕ್ಕ ಕೂತಳು.

"ಕಾವೇರಿ, ಆ ದೇಸದಲ್ಲಿ ನಿಂಗೆ ಯಾರವ್ರೆ?"

"ಅಪ್ಪನ ಜೊತೆ ಪಟಾಲಮ್ಮಲ್ಲಿದ್ದೋರು ಯಾರೋ ಇದ್ರು ಅಂತಾರೆ ಅತ್ತೆ. ನಾನು ಕಂಡಿಲ್ಲ."

"ಕೂಗಿದ್ರೆ ಯಾರಾರ ಬತ್ತಾರಾ?"

ಕಾವೇರಮ್ಮ ಚೆಲ್ಲಿದ ಎಸರನ್ನು ಬಟ್ಟೆಯಲ್ಲಿ ಒರೆಸುತ್ತಲೇ ಇದ್ದಳು. ನೆಲ ಒಣಗಿದರೂ ಒರೆಸುತ್ತಿದ್ದಳು.

"ಅಲ್ಲಿ ಮನೆ ಬಾಗ್ಲು ಹಾಕಿದ್ರೆ ಪಕ್ಕದ ಮನೆಗೂ ಕೇಳ್ಸಲ್ವಂತೆ. ಇಲ್ಲಿ ನೀವಿದೀರ. ಕಲ್ಲಾದ್ರೂ ತಗೊಂಡು ಬಾಗ್ಲು ಬಡೀತೀರ."

"ಅಂಗಾರೆ ಆ ಆಫೀಸರ ಮುಂದೆ ಇಲ್ಲ ಅನ್ನು. ಒಟ್ಟಿಗೆ ಬಾಳ್ತಿಲ್ಲ ಅಂತ ಇದ್ದಿದ್ದು ಇದ್ದಂಗೆ ಏಳ್ಬುಡು."

"ಆಮೇಲೆ ಅವ್ರ ಜೊತೇಲೇ ವಾಪಸ್ ಬಸ್ಸು ಹತ್ಬೇಕಲ್ಲ ಅತ್ತೆ. ದಾರೀಲಿ ಸಾಯಿಸ್ತಾರೆ."

ಅದು ನಿಜ. ಆ ದೇಶಕ್ಕೆ ಹೋದರೆ ಅಲ್ಲಿ ಸಾವು, ಕಚೇರಿಗೆ ಹೋಗಿ ಇಲ್ಲ ಅಂದರೆ ದಾರಿಯಲ್ಲಿ ಸಾವು. "ಅಂಗಾರೆ ಬಸ್ಸೇ ಹತ್ತಬ್ಯಾಡ," ಅಂದಳು ಶಿವಲಿಂಗಮ್ಮ. "ಒರಡೋ ದಿನ ಇಲ್ಲೇ ಬರಾಕಿಲ್ಲ ಅನ್ನು. ಹುಳ ಇರ್ತವೆ. ಹುಳುಮನೇಲಿ ನಿಂತ್ಕೊಂಡು ಅನ್ನು. ನಾನು ಪಕ್ಕದಲ್ಲಿರ್ತೀನಿ."

ಹೊರಡುವ ದಿನ ಬೆಳಗ್ಗೆಯೇ ಹುಳ ಹಣ್ಣಾಗತೊಡಗಿತು. ಮೈ ಹಳದಿ ತಿರುಗಿ, ಸೊಪ್ಪು ಬಿಟ್ಟು, ತಲೆಯೆತ್ತಿ ನೂಲು ಬಿಡಲು ಜಾಗ ಹುಡುಕುವ ಹುಳವನ್ನು ಆಗಲೇ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು. ಅತ್ತೆ ಸೊಸೆ ತಲೆಯೆತ್ತದೆ ಆರಿಸುತ್ತಿದ್ದರು. ರಾಮಲಿಂಗಯ್ಯ ಬೀಳ್ಕೊಡಲು ಹೊಸ ಪಂಚೆ ಉಟ್ಟು ಬಂದು ಜಗಲಿಯ ಮೇಲೆ ಕೂತಿದ್ದ. ಗಂಡ ಹೆಂಡತಿಯನ್ನು ಬೆಂಗಳೂರಿನ ಬಸ್‌ಸ್ಟ್ಯಾಂಡಿಗೆ ಬಿಡಲು ರಾಮನಗರದಿಂದ ನಜೀರನ ವ್ಯಾನು ಬಂದು ಬೇವಿನ ಮರದ ಕೆಳಗೆ ನಿಂತಿತ್ತು. ಅಕ್ಕೂರಿನ ಗೂಡನ್ನೆಲ್ಲ ರಾಮನಗರದ ಮಾರ್ಕೆಟ್ಟಿಗೆ ಹೊರುತ್ತಿದ್ದ ವ್ಯಾನು ಅದು.

ಬೋರಲಿಂಗಯ್ಯ ಕ್ಷೌರ ಮಾಡಿಸಿಕೊಂಡು, ಹೊಸ ಷರಟು ತೊಟ್ಟು ಬಂದ. ಬಾಯಲ್ಲಿ ಹೆಂಡದ ವಾಸನೆಯಿರಲಿಲ್ಲ. ಹೊಸ್ತಿಲಾಚೆಯೇ ನಿಂತು, "ಏಳು, ಸೀರೆ ಉಟ್ಕೊ. ಹೊತ್ತಾಯ್ತು," ಅಂದ.

ಕಾವೇರಮ್ಮ ಎದ್ದು ನಿಂತಳು. ಕೈಯಲ್ಲಿ ಇನ್ನೂ ಒಂದು ಹುಳವಿತ್ತು. ಅದನ್ನು ಚಂದ್ರಿಕೆಗೆ ಬಿಟ್ಟು, ಕೈ ಒರೆಸಿಕೊಂಡು ಹೇಳಿದಳು, "ನಾನು ಬರಲ್ಲ."

"ಏನಂದೆ?"

"ಬರಲ್ಲ. ರುಜು ಹಾಕಲ್ಲ."

ಬೋರಲಿಂಗಯ್ಯ ತಾಯಿಯ ಮುಖ ನೋಡಿದ. ಶಿವಲಿಂಗಮ್ಮ ಕಣ್ಣು ತಗ್ಗಿಸಲಿಲ್ಲ. ಅವನು ಒಮ್ಮೆ ತನ್ನ ಕಾಲ ಕಡೆ ನೋಡಿಕೊಂಡ. ಆಮೇಲೆ ಚಪ್ಪಲಿ ಮೆಟ್ಟಿದ ಕಾಲನ್ನು ಹಾಗೇ ಎತ್ತಿ ಒಳಗಿಟ್ಟ.

ಮೊದಲ ಒದೆ ಸ್ಟ್ಯಾಂಡಿಗೆ ಬಿತ್ತು. ತಟ್ಟೆಗಳು ಒಂದರ ಮೇಲೊಂದು ಜರಿದು ಬಿದ್ದು, ಹುಳವೆಲ್ಲ ನೆಲಕ್ಕೆ ಚೆಲ್ಲಾಡಿತು. ಸ್ಟ್ಯಾಂಡಿನ ಬಿದಿರು ಮುರಿದುಕೊಂಡು ಅವನು ಕಾವೇರಮ್ಮನ ತಲೆಗೆ ಹೊಡೆದ, ಅಡ್ಡ ಬಂದ ಕೈಗೆ ಹೊಡೆದ, ಬಿದ್ದ ಮೇಲೆ ಹೊಟ್ಟೆಗೆ ಒದ್ದ. ಅವಳು ಹುಳದ ಮೇಲೇ ಹೊರಳಿದಳು. ಅವನು ಮಂಡಿಯನ್ನು ಅವಳ ಎದೆಯ ಮೇಲೂರಿ ಎರಡು ಕೈಯಲ್ಲೂ ಗಂಟಲು ಹಿಡಿದ.

"ಅಲ್ಲಿ ಏನಂತ ಏಳ್ತೀಯ? ಏಳು! ಒಟ್ಟಿಗೆ ಬಾಳ್ತಿದೀವಿ ಅಂತ ಏಳೇ!"

ಬಾಗಿಲಿಗೆ ಓಡಿ ಬಂದ ರಾಮಲಿಂಗಯ್ಯ ತಲೆ ತಲೆ ಚಚ್ಚಿಕೊಂಡ. "ಲೇ, ಹುಳ ಕಣ್ಲಾ! ಹಣ್ಣು ಹುಳ! ಚಪ್ಲಿ ಬುಡ್ಲಾ ಮುಂಡೇದೇ!" ಅವನು ಮಾತ್ರ ಹೊಸ್ತಿಲು ದಾಟಲಿಲ್ಲ. ಆಗಷ್ಟೇ ಬೀಡಿ ಸೇದಿದ್ದ.

ಶಿವಲಿಂಗಮ್ಮ ಮಗನ ಕೊರಳಪಟ್ಟಿ ಹಿಡಿದು ಎಳೆದಳು. ಅವನು ಮೊಣಕೈಯಿಂದ ತಳ್ಳಿದ ರಭಸಕ್ಕೆ ಗೋಡೆಗೆ ಬಡಿದು ಅವಳ ಹಣೆ ಒಡೆಯಿತು. ರಕ್ತ ಕಣ್ಣಿಗಿಳಿಯಿತು. ಕೈ ನೆಲ ತಡಕಿದಾಗ ಸೊಪ್ಪಿನ ರಾಶಿಯ ಪಕ್ಕದಲ್ಲಿ ಮಚ್ಚು ಸಿಕ್ಕಿತು.

ಮೊದಲು ಮಚ್ಚಿನ ಹಿಂಬದಿಯಿಂದ ಅವನ ಬೆನ್ನಿಗೆ ಹೊಡೆದಳು. "ಬುಡ್ಲಾ!" ಅಂದಳು. ಅವನು ಬಿಡಲಿಲ್ಲ. ಮತ್ತೆ ಹೊಡೆದಳು. ಹಿಡಿತ ಇನ್ನೂ ಬಿಗಿಯಾಯಿತು. ನೆಲ ಬಡಿಯುತ್ತಿದ್ದ ಕಾವೇರಮ್ಮನ ಹಿಮ್ಮಡಿಗಳು ನಿಧಾನವಾದವು, ಒಂದು ನಿಂತೇ ಹೋಯಿತು.

ಶಿವಲಿಂಗಮ್ಮ ಮಚ್ಚನ್ನು ತಿರುಗಿಸಿ ಹಿಡಿದಳು.

ಏಟು ಬಲಗೈಯ ಮಣಿಕಟ್ಟಿಗಿಂತ ಒಸಿ ಮೇಲೆ ಬಿತ್ತು. ಹಸಿ ಕಡ್ಡಿ ಕಡಿದ ಹಾಗೆ ಸದ್ದಾಯಿತು. ಬೋರಲಿಂಗಯ್ಯ ಕೂಗಿದ ಕೂಗಿಗೆ ನಜೀರ ವ್ಯಾನಿನಿಂದ ಓಡಿ ಬಂದ. ಕಾವೇರಮ್ಮ ಪಕ್ಕಕ್ಕೆ ಹೊರಳಿ, ಕೆಮ್ಮಿ, ವಾಂತಿ ಮಾಡಿಕೊಂಡು ಉಸಿರೆಳೆದಳು. ಆ ಉಸಿರಿನ ಸದ್ದು ಕೇಳಿದ ಮೇಲೆಯೇ ಶಿವಲಿಂಗಮ್ಮನ ಕೈಯಿಂದ ಮಚ್ಚು ಜಾರಿತು.

ಜಾರಿದ ತಕ್ಷಣ ಅವಳು ತಾಯಿಯಾದಳು. ಸೆರಗು ಹರಿದು ಮಗನ ಕೈಗೆ ಬಿಗಿಯಾಗಿ ಸುತ್ತಿದಳು, ಗಂಟು ಹಾಕಿದಳು, "ಮ್ಯಾಕೆ ಎತ್ತಿ ಹಿಡ್ಕೊ ಮಗ, ಮ್ಯಾಕೆ ಎತ್ತು," ಎನ್ನುತ್ತ ಅವನನ್ನು ವ್ಯಾನಿಗೆ ಹತ್ತಿಸಿದಳು. ಕಾವೇರಮ್ಮನನ್ನು ನಜೀರ ಎತ್ತಿಕೊಂಡು ಬಂದು ಮುಂದಿನ ಸೀಟಿನಲ್ಲಿ ಕೂರಿಸಿದ. ರಾಮಲಿಂಗಯ್ಯನೂ ಹಿಂದೆ ಹತ್ತಿದ.

ವ್ಯಾನು ರಾಮನಗರದ ಕಡೆ ಓಡುತ್ತಿತ್ತು. ಬೋರಲಿಂಗಯ್ಯ ನೋವಿನಲ್ಲಿ ನಡುಗುತ್ತಿದ್ದರೂ ಅವನ ತಲೆ ಚುರುಕಾಗಿಯೇ ಇತ್ತು.

"ದೊಡ್ಡಪ್ಪ, ಕೇಸು ಬ್ಯಾಡ," ಅಂದ. "ಕೇಸಾದ್ರೆ ಎಲ್ಲಾ ಓಯ್ತು. ಕಚೇರೀಲಿ ಇನ್ನೊಂದು ದಿನ ಕೇಳಿ ಈಸ್ಕೊಬೋದು."

"ನಂಗೆ ಬುಡ್ಲಾ," ಅಂದ ರಾಮಲಿಂಗಯ್ಯ. "ಸೊಪ್ಪು ಕೊಯ್ಯೋವಾಗ ಮಚ್ಚು ಜಾರ್ತು. ಅವಳು ಜಗಲಿಯಿಂದ ಬಿದ್ಲು. ಶಿವಲಿಂಗಿ, ಕೇಳ್ಕೊಂಡ್ಯಾ? ನೀನೂ ಉಳ್ಕೋತೀಯ, ಅವನೂ ಉಳ್ಕೋತಾನೆ."

ಮಗನ ತಲೆ ಶಿವಲಿಂಗಮ್ಮನ ತೊಡೆಯ ಮೇಲಿತ್ತು. ಮುಂದಿನ ಸೀಟಿನಲ್ಲಿ ಕಾವೇರಮ್ಮನ ಕುತ್ತಿಗೆಯ ಸುತ್ತ ಬೆರಳಿನ ಗುರುತುಗಳು ಕೆಂಪಗೆ ಏಳುತ್ತಿದ್ದವು. ಇವತ್ತು ಎಲ್ಲರೂ ಉಳಿಯುತ್ತಾರೆ, ಸರಿ. ಆದರೆ ಗುರುತು ಮಾಯುವವರೆಗೆ ಮತ್ತೆ ಮಲ್ಲಿಗೆ ಹೂ ಬರುತ್ತದೆ. ಮತ್ತೆ ಒಂದು ದಿನ ವ್ಯಾನು ಬಂದು ಬೇವಿನ ಮರದ ಕೆಳಗೆ ನಿಲ್ಲುತ್ತದೆ.

ಆಸ್ಪತ್ರೆಯಲ್ಲಿ ಡಾಕ್ಟರು ಮೂಳೆ ಬಿರಿದಿದೆ, ನರ ಹೊಲಿಯಬೇಕು, ಕೈ ಉಳಿಯುತ್ತದೆ ಎಂದರು. ಶಿವಲಿಂಗಮ್ಮ ಆ ಮಾತು ಕೇಳುವವರೆಗೂ ಬಾಗಿಲಲ್ಲೇ ನಿಂತಿದ್ದಳು. ಕೇಳಿದ ಮೇಲೆ ಗೋಡೆಗೆ ಒರಗಿ ಕೂತಳು.

ಮಚ್ಚಿನ ಗಾಯ ಎಂದ ಕೂಡಲೇ ಪೊಲೀಸ್ ದಫೇದಾರ ಬಂದ. ರಾಮಲಿಂಗಯ್ಯ ಅವನನ್ನು ಪಕ್ಕಕ್ಕೆ ಕರೆದುಕೊಂಡು ಹೋಗಿ ಸೊಪ್ಪಿನ ಕಥೆ ಒಪ್ಪಿಸಿದ. ಮಂಚದ ಮೇಲಿದ್ದ ಬೋರಲಿಂಗಯ್ಯ, "ಹೌದು ಸಾರ್, ನಂದೇ ತಪ್ಪು. ಕೈ ಜಾರ್ತು," ಅಂದ.

"ಮನೆ ಮಾತು ಮನೇಲಿ ಮುಗಿಸ್ಕೊಳಿ," ಎಂದು ದಫೇದಾರ ಹೊರಡಲು ಟೋಪಿ ಹಾಕಿಕೊಂಡ.

"ಕುಂತ್ಕೊಳಿ ಸ್ವಾಮಿ," ಅಂದಳು ಶಿವಲಿಂಗಮ್ಮ. "ಮಚ್ಚು ಜಾರ್ಲಿಲ್ಲ. ಕಡಿದೋಳು ನಾನು."

"ಶಿವಲಿಂಗಿ!" ಎಂದ ರಾಮಲಿಂಗಯ್ಯ.

"ಬಾವ, ನೀವು ಹೊಸ್ತಿಲಾಚೆ ನಿಂತಿದ್ರಿ. ಒಳಗಿದ್ದೋಳು ನಾನು. ನಾನೇಳ್ತೀನಿ."

ದಫೇದಾರ ಅವಳ ಹಣೆಯ ಗಾಯವನ್ನೂ ನರೆತ ತಲೆಯನ್ನೂ ನೋಡಿದ. "ಅಮ್ಮ, ಯೋಚನೆ ಮಾಡಿ ಮಾತಾಡಿ. ನಾನು ಬರೆದ್ಕೊಂಡ್ರೆ ಮೊದ್ಲು ಒಳಗೋಗೋರು ನೀವೇ."

"ಓಗ್ತೀನಿ. ಆದ್ರೆ ಕಡಿದ್ಲು ಅಂತ ಅಷ್ಟೇ ಬರೀಬ್ಯಾಡಿ. ಯಾಕೆ ಕಡಿದ್ಲು ಅಂತಾನೂ ಬರೀರಿ. ಅವನು ಹೆಂಡ್ತಿ ಗಂಟ್ಲು ಹಿಸುಕ್ತಿದ್ದ. ಬುಡು ಅಂದೆ, ಬುಡ್ಲಿಲ್ಲ. ಎರಡು ವರ್ಸದಿಂದ ಬಡೀತಾವ್ನೆ. ಎಲ್ಲಾನೂ ಬರ್ಕೊಳಿ. ಬರ್ಕೊಳ್ಳೋಗಂಟ ನಾನು ಇಲ್ಲಿಂದ ಏಳಾಕಿಲ್ಲ."

ಬೋರಲಿಂಗಯ್ಯ ಮಂಚದಿಂದ ಅರ್ಧ ಎದ್ದ. ಕಣ್ಣಲ್ಲಿ ನೀರು ತುಂಬಿತ್ತು. "ಅವ್ವ, ಬ್ಯಾಡ ಕಣವ್ವ. ನನ್ನ ಬದುಕು ಓಯ್ತದೆ. ಆ ಕಚೇರಿಯೋರು ಇನ್ನು ಹತ್ರ ಸೇರ್ಸಲ್ಲ. ನಿನ್ನ ಕಾಲು ಹಿಡೀತೀನಿ."

ಶಿವಲಿಂಗಮ್ಮ ಎದ್ದು ಹೋಗಿ ಅವನ ತಲೆ ನೇವರಿಸಿದಳು. "ಗೊತ್ತು ಮಗ. ಅದಕ್ಕೇ," ಅಂದಳು.

ಕಾವೇರಮ್ಮ ಬೆಂಚು ಹಿಡಿದುಕೊಂಡು ಎದ್ದಳು. ಗಂಟಲಿನಿಂದ ಮಾತು ಸರಿಯಾಗಿ ಹೊರಡುತ್ತಿರಲಿಲ್ಲ. "ಅತ್ತೆ, ನಿಮ್ಮನ್ನ ಜೈಲಿಗೆ ಹಾಕ್ತಾರೆ."

"ಹಾಕ್ಲಿ ಬುಡು. ಅಲ್ಲಿ ಯಾರಾರ ಹೊಡೆದ್ರೂ ಅವರು ನಾನು ಹೆತ್ತ ಮಗ ಅಲ್ವಲ್ಲ. ನೀನು ನಿನ್ನ ಮಾತು ಏಳು. ನಾನು ಏಳಿದ್ರೆ ಅರ್ಧ. ನೀನು ಏಳಿದ್ರೇನೆ ಪೂರ್ತಿ."

ದಫೇದಾರ ಟೋಪಿ ತೆಗೆದು ಮೇಜಿನ ಮೇಲಿಟ್ಟ. ಕುರ್ಚಿ ಎಳೆದುಕೊಂಡು, ಜೇಬಿನಿಂದ ಪೆನ್ನು ತೆಗೆದು, ಬಿಳಿ ಹಾಳೆ ಬಿಡಿಸಿದ. "ಹೇಳಮ್ಮ, ಇವತ್ತು ಏನಾಯ್ತು?"

"ಇವತ್ತಿಂದ ಅಲ್ಲ ಸಾರ್," ಅಂದಳು ಕಾವೇರಮ್ಮ. ನೀರು ಕೇಳಿ ಎರಡು ಗುಟುಕು ಕುಡಿದಳು. ನುಂಗುವಾಗ ಮುಖ ಕಿವುಚಿಕೊಂಡಳು. "ಮದ್ವೆಯಾದ ವಾರಕ್ಕೆ ಮೊದಲನೇ ಸಲ ಹೊಡೆದ್ರು. ಅಲ್ಲಿಂದ ಬರ್ಕೊಳಿ."

ದಫೇದಾರ ನರ್ಸಮ್ಮನ ಕಡೆ ತಿರುಗಿ ಇನ್ನಷ್ಟು ಹಾಳೆ ಕೇಳಿದ.